ಕಿವಿಯೊಳಗಿನ ಏಡಿಗಂತಿ: ಒಂದು ಅಪರೂಪದ ಕಾಯಿಲೆಯ ಚರಿತ್ರೆ



ಚರಿತ್ರೆ ಎಂದೊಡನೆ ನಮ್ಮ ವಿದ್ಯಾರ್ಥಿಗಳ ಕಣ್ಣ ಮುಂದೆ ಬರುವುದು ರಾಜರು, ಯುದ್ಧಗಳು, ಒಪ್ಪಂದಗಳು ಮತ್ತು ಬಾಯಿಪಾಠ ಮಾಡಬೇಕಾದ ಇಸವಿಗಳು. ಆದರೆ ಒಂದೊಂದು ಕಾಯಿಲೆಗೂ ಅದರದೇ ಆದ ಚರಿತ್ರೆ ಇರುತ್ತದೆ. ಅದನ್ನು ಮೊದಲು ಕಂಡವರು ಯಾರು, ಕಂಡರೂ ಗುರುತಿಸದೆ ಹೋದವರು ಯಾರು, ಗುರುತಿಸಿದರೂ ಗುಣಪಡಿಸಲಾಗದೆ ಕೈಚೆಲ್ಲಿದವರು ಯಾರು, ಕೊನೆಗೆ ದಾರಿ ಕಂಡವರು ಯಾರು ಎಂಬುದೆಲ್ಲ ಆ ಚರಿತ್ರೆಯಲ್ಲಿ ಬರುತ್ತದೆ. ಕಿವಿಯ ನಾಳದ ಚರ್ಮದಲ್ಲಿ ಹುಟ್ಟುವ ಕ್ಯಾನ್ಸರಿನ ಅಂಥ ಚರಿತ್ರೆಯನ್ನು ಈ ಲೇಖನದಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಇದು ತೀರಾ ಅಪರೂಪದ ಕಾಯಿಲೆ. ಹತ್ತು ಲಕ್ಷ ಜನಸಂಖ್ಯೆಯಲ್ಲಿ ವರ್ಷಕ್ಕೆ ಒಬ್ಬರಿಗೋ ಕೆಲವರಿಗೋ ಬರುವಂಥದ್ದು. ಅದೂ ಹೆಚ್ಚಾಗಿ ಅರವತ್ತರ ಆಸುಪಾಸಿನವರಿಗೆ. ಇಷ್ಟು ಅಪರೂಪದ ಕಾಯಿಲೆಯ ಬಗ್ಗೆ ನಾವೇಕೆ ತಲೆ ಕೆಡಿಸಿಕೊಳ್ಳಬೇಕು ಎಂದು ನೀವು ಕೇಳಬಹುದು. ಕಾರಣ ಇಷ್ಟೇ. ಕಾಯಿಲೆ ಅಪರೂಪದ್ದಾದರೂ ಅದು ತೊಟ್ಟು ಬರುವ ವೇಷ ಮನೆಮನೆಯಲ್ಲೂ ಕಾಣುವಂಥದ್ದು. ಕಿವಿ ಸೋರುವುದು, ಕಿವಿ ನೋಯುವುದು, ಕಿವಿ ಮಂದವಾಗುವುದು. ನಮ್ಮ ಮನೆಗಳಲ್ಲಿ ಇವಕ್ಕೆ ವೈದ್ಯರ ಬಳಿ ಹೋಗುವುದು ಕೊನೆಯ ಮಾತು. ಅದಕ್ಕೂ ಮೊದಲು ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಇದೆ, ಪಕ್ಕದ ಮನೆಯವರ ಹಳೆಯ ಕಿವಿ ಹನಿಗಳ ಬಾಟಲಿ ಇದೆ, ಅದೂ ಸಾಲದಿದ್ದರೆ ರಸ್ತೆ ಬದಿಯಲ್ಲಿ ಕಡ್ಡಿಗೆ ಹತ್ತಿ ಸುತ್ತಿಕೊಂಡು ಗುಗ್ಗೆ ತೆಗೆಯುವವರು ಇದ್ದಾರೆ. ಹೀಗೆ ತಿಂಗಳುಗಳು ಕಳೆಯುತ್ತವೆ.

ಮೊದಲು ಹೆಸರಿನಿಂದಲೇ ಆರಂಭಿಸೋಣ. ಎರಡು ಭಾಷೆಗಳನ್ನು ಕಲಿಸುವವನಾದ್ದರಿಂದ ನನಗೆ ಪದಗಳ ಮೇಲೆ ಸ್ವಲ್ಪ ಮೋಹ ಹೆಚ್ಚು. ಉರ್ದುವಿನಲ್ಲಿ ಕ್ಯಾನ್ಸರಿಗೆ ಸರತಾನ್ ಎನ್ನುತ್ತೇವೆ. ಅರಬ್ಬಿಯಿಂದ ಬಂದ ಈ ಪದದ ಅರ್ಥ ಏಡಿ. ಪಂಚಾಂಗದ ಕರ್ಕಾಟಕ ರಾಶಿಯೂ ಉರ್ದುವಿನಲ್ಲಿ ಬುರ್ಜೆ ಸರತಾನ್. ಕನ್ನಡದಲ್ಲಿ ಹಿಂದೆ ಈ ಕಾಯಿಲೆಗೆ ಏಡಿಗಂತಿ ಎಂಬ ಹೆಸರಿತ್ತು. ಇಂಗ್ಲಿಷಿನ ಕ್ಯಾನ್ಸರ್ ಎಂಬುದೂ ಲ್ಯಾಟಿನ್ ಭಾಷೆಯ ಏಡಿಯೇ. ಎಲ್ಲದರ ಮೂಲ ಗ್ರೀಕ್ ವೈದ್ಯರಲ್ಲಿದೆ. ಗಂಟಿನ ಸುತ್ತ ಉಬ್ಬಿದ ರಕ್ತನಾಳಗಳು ಏಡಿಯ ಕಾಲುಗಳಂತೆ ಹರಡಿರುವುದನ್ನು ಕಂಡು ಅವರು ಹೀಗೆ ಹೋಲಿಸಿದರು. ಏಡಿ ಹಿಡಿದರೆ ಬಿಡುವುದಿಲ್ಲ. ಕಾಲು ಮುರಿದು ಒಳಗೇ ಉಳಿದರೆ ಇನ್ನೂ ಕಷ್ಟ. ನಾನು ಹೇಳಹೊರಟಿರುವ ಚರಿತ್ರೆಯೆಲ್ಲ ಈ ಉಳಿದ ಕಾಲಿನ ಸುತ್ತಲೇ ಇದೆ.

ನಮ್ಮ ದೇಶದ ಸುಶ್ರುತ ಸಂಹಿತೆಯಲ್ಲಿ ಕಿವಿಯ 28 ರೋಗಗಳ ಪಟ್ಟಿ ಇದೆ. ಅದರಲ್ಲಿ ಕಿವಿ ಸೋರುವುದು, ಕಿವಿ ಕೊಳೆಯುವುದು, ಗುಗ್ಗೆ ಕಟ್ಟುವುದು ಇವುಗಳ ಜೊತೆಗೆ ಕರ್ಣಾರ್ಬುದ, ಅಂದರೆ ಕಿವಿಯ ಗಡ್ಡೆಯೂ ಸೇರಿದೆ. ಅರ್ಬುದವನ್ನು ಕತ್ತರಿಸುವಾಗ ಅದರ ಅಂಶ ಸ್ವಲ್ಪ ಉಳಿದರೂ ಅದು ಬೇಗನೆ ಮತ್ತೆ ಬೆಳೆದು ಪ್ರಾಣ ತೆಗೆಯುತ್ತದೆ, ಆದ್ದರಿಂದ ಏನನ್ನೂ ಉಳಿಸಬಾರದು ಎಂಬ ಎಚ್ಚರಿಕೆಯನ್ನೂ ಆ ಗ್ರಂಥ ಕೊಡುತ್ತದೆ. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ, ಬರಿಗಣ್ಣಿನ ಅನುಭವದಿಂದ ಇಷ್ಟು ಹೇಳಿದ್ದು ಸಣ್ಣ ಮಾತಲ್ಲ.

ಸ್ಪೇನಿನ ಕಾರ್ಡೊಬಾ ನಗರದ ಬಳಿಯ ಮದೀನತುಝ್ಝಹ್ರಾದಲ್ಲಿ ಹುಟ್ಟಿದ ಅಬುಲ್ ಕಾಸಿಮ್ ಅಲ್-ಝಹ್ರಾವಿ ಅವರು ಕ್ರಿ.ಶ. 1000ರ ಸುಮಾರಿಗೆ ಕಿತಾಬುತ್ತಸ್ರೀಫ್ ಎಂಬ ಮೂವತ್ತು ಭಾಗಗಳ ವೈದ್ಯಗ್ರಂಥವನ್ನು ಮುಗಿಸಿದರು. ಅದರ ಕೊನೆಯ ಭಾಗ ಪೂರ್ತಿ ಶಸ್ತ್ರಚಿಕಿತ್ಸೆಗೆ ಮೀಸಲು. ಸುಮಾರು 200 ಉಪಕರಣಗಳ ಚಿತ್ರಗಳು ಅದರಲ್ಲಿವೆ. ಹನ್ನೆರಡನೆಯ ಶತಮಾನದಲ್ಲಿ ಟೊಲೆಡೊದಲ್ಲಿ ಕ್ರೆಮೋನಾದ ಜೆರಾರ್ಡ್ ಇದನ್ನು ಲ್ಯಾಟಿನಿಗೆ ಅನುವಾದಿಸಿದ ಮೇಲೆ ಯುರೋಪಿನ ವೈದ್ಯರು ಶತಮಾನಗಳ ಕಾಲ ಇದನ್ನೇ ಓದಿದರು. ಕಿವಿಯೊಳಗೆ ಕಲ್ಲೋ ಕಾಳೋ ಬಿದ್ದಾಗ ರೋಗಿಯ ಕಿವಿಯನ್ನು ಬಿಸಿಲಿಗೆ ಹಿಡಿದು ಒಳಗೆ ನೋಡಬೇಕು ಎಂದು ಅವರು ಹೇಳುತ್ತಾರೆ. ಕಿವಿಯ ಒಳಗನ್ನು ನೋಡದೆ ಕೈ ಹಾಕಬಾರದು ಎಂಬ ನಿಯಮ ಅಲ್ಲಿದೆ. ಸೂರ್ಯನೇ ಅವರ ದೀಪ.

ಸರತಾನ್ ಬಗ್ಗೆ ಅವರು ಬರೆದಿರುವುದು ಇನ್ನೂ ಮುಖ್ಯ. ಗಂಟು ಸಣ್ಣದಿದ್ದಾಗ, ಆರಂಭದಲ್ಲಿ, ಪೂರ್ತಿಯಾಗಿ ಕಿತ್ತು ತೆಗೆಯಬಹುದಾದ ಜಾಗದಲ್ಲಿದ್ದರೆ ಕತ್ತರಿಸಬಹುದು, ಹಳೆಯದಾಗಿ ದೊಡ್ಡದಾಗಿದ್ದರೆ ಅದರ ಹತ್ತಿರ ಹೋಗಬೇಡಿ ಎಂದು ಹಿಂದಿನವರ ಅಭಿಪ್ರಾಯವನ್ನು ಕೊಟ್ಟು, ತಾನು ಅಂಥ ಒಬ್ಬ ರೋಗಿಯನ್ನೂ ಗುಣಪಡಿಸಿಲ್ಲ, ಬೇರೆಯವರು ಗುಣಪಡಿಸಿದ್ದನ್ನೂ ಕಂಡಿಲ್ಲ ಎಂದು ನೇರವಾಗಿ ಬರೆದುಬಿಟ್ಟಿದ್ದಾರೆ. ನಮ್ಮ ಸಭೆ ಸಮಾರಂಭಗಳಲ್ಲಿ ಝಹ್ರಾವಿಯವರ ಹೆಸರನ್ನು ಎದೆಯುಬ್ಬಿಸಿ ಹೇಳುವವರು ಬಹಳ. ಈ ಮಾತನ್ನು ಹೇಳಿದವರನ್ನು ಮಾತ್ರ ನಾನು ಕೇಳಿಲ್ಲ. ನನಗಂತೂ ಆ 200 ಉಪಕರಣಗಳಿಗಿಂತ ಈ ಒಂದು ಒಪ್ಪಿಗೆಯೇ ದೊಡ್ಡದಾಗಿ ಕಾಣುತ್ತದೆ. ಅವರ ನಂತರ ಬಂದ ಇಬ್ನ್ ಸೀನಾ (980-1037) ಕೂಡ ಅಲ್-ಕಾನೂನ್ ಗ್ರಂಥದಲ್ಲಿ, ಕತ್ತರಿಸುವುದಾದರೆ ಗಂಟಿಗೆ ಹೋಗುವ ರಕ್ತನಾಳಗಳ ಸಮೇತ ಬೇರು ಉಳಿಯದಂತೆ ತೆಗೆಯಬೇಕು ಎಂದೇ ಹೇಳಿದರು.

ಹಾಗಾದರೆ ನಿಯಮ ಸಾವಿರ ವರ್ಷಗಳ ಹಿಂದೆಯೇ ಗೊತ್ತಿತ್ತು. ಬೇಗ ಗುರುತಿಸಬೇಕು, ಪೂರ್ತಿ ತೆಗೆಯಬೇಕು. ಆದರೂ ಕಿವಿಯ ವಿಷಯದಲ್ಲಿ ಇವೆರಡೂ ಕೈಗೂಡಲು 1950ರ ದಶಕದವರೆಗೆ ಕಾಯಬೇಕಾಯಿತು. ಯಾಕೆ? ಉತ್ತರ ಕಿವಿಯ ರಚನೆಯಲ್ಲಿದೆ.

ನಿಮ್ಮ ಕಿವಿಯ ರಂಧ್ರದಿಂದ ತಮಟೆಯವರೆಗಿನ ನಾಳದ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್. ಹೊರಗಿನ ಮೂರನೇ ಒಂದು ಭಾಗ ಮೃದ್ವಸ್ಥಿ, ಒಳಗಿನ ಮೂರನೇ ಎರಡು ಭಾಗ ಮೂಳೆ. ಇದರ ಒಳಮೈಗೆ ಹೊದಿಸಿರುವುದು ಬಾಯಿಯೊಳಗಿರುವಂಥ ಪೊರೆಯಲ್ಲ, ನಮ್ಮ ಕೈಮೇಲಿರುವಂಥ ಚರ್ಮವೇ. ಚರ್ಮದಲ್ಲಿ ಬರುವ ಕ್ಯಾನ್ಸರ್ ಆದ್ದರಿಂದಲೇ ಇಲ್ಲಿಯೂ ಬರಬಲ್ಲದು. ಆದರೆ ಮೂಳೆಯ ಭಾಗದಲ್ಲಿ ಈ ಚರ್ಮ ಕಾಗದದಷ್ಟು ತೆಳು. ಕೆಳಗೆ ಕೊಬ್ಬಿನ ಪದರವಿಲ್ಲ, ನೇರವಾಗಿ ಮೂಳೆಗೆ ಅಂಟಿಕೊಂಡಿದೆ. ಕೈಮೇಲಿನ ಗಂಟಾದರೆ ಸುತ್ತ ಒಂದು ಬೆರಳಿನಷ್ಟು ಒಳ್ಳೆಯ ಚರ್ಮವನ್ನೂ ಸೇರಿಸಿ ಕತ್ತರಿಸಬಹುದು. ಇಲ್ಲಿ ಹಾಗೆ ಸೇರಿಸಿ ಕತ್ತರಿಸಲು ಏನಿದೆ? ಮೂಳೆಯನ್ನೇ ಕತ್ತರಿಸಬೇಕು. ಆ ಮೂಳೆಯ ಮುಂದೆ ದವಡೆಯ ಕೀಲು, ಹಿಂದೆ ಮುಖದ ನರ, ಒಳಗೆ ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳ, ಮೇಲೆ ಮಿದುಳೇ ಇದೆ.

ಇದೆಲ್ಲ ಗೊತ್ತಾದದ್ದು ಇಟಲಿಯ ಅಂಗರಚನಾ ತಜ್ಞರಿಂದ. ಫಲೋಪಿಯೊ 1561ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಮುಖದ ನರ ಕಿವಿಯ ಮೂಳೆಯೊಳಗಿನ ಒಂದು ಸುರಂಗದಲ್ಲಿ ಹಾದುಹೋಗುವುದನ್ನು ವಿವರಿಸಿದರು. 1704ರಲ್ಲಿ ವಲ್ಸಾಲ್ವಾ ಮಾನವನ ಕಿವಿಯ ಬಗ್ಗೆಯೇ ಒಂದು ಗ್ರಂಥ ಬರೆದರು. 1724ರಲ್ಲಿ ಸಾಂಟೊರಿನಿ ಎಂಬವರು ನಾಳದ ಮೃದ್ವಸ್ಥಿಯಲ್ಲಿ ಸಣ್ಣ ಸೀಳುಗಳಿರುವುದನ್ನು ಬರೆದಿಟ್ಟರು. ಈ ಸೀಳುಗಳು ಅವರ ಕಾಲಕ್ಕೆ ಒಂದು ಕುತೂಹಲದ ಸಂಗತಿ ಅಷ್ಟೆ. ಮುಂದೆ ಗೊತ್ತಾದದ್ದೇನೆಂದರೆ ನಾಳದ ಕ್ಯಾನ್ಸರ್ ಕೆನ್ನೆಯ ಬದಿಯ ಜೊಲ್ಲು ಗ್ರಂಥಿಗೆ ನುಸುಳುವುದು ಇದೇ ಬಾಗಿಲುಗಳಿಂದ. ಇವತ್ತಿಗೂ ಅವಕ್ಕೆ ಸಾಂಟೊರಿನಿಯವರ ಹೆಸರೇ ಇದೆ.

ರಚನೆ ತಿಳಿದರೂ ಬದುಕಿರುವ ಮನುಷ್ಯನ ಕಿವಿಯೊಳಗೆ ಬೆಳಕು ಬೀಳುವವರೆಗೆ ಗುರುತಿಸುವುದು ಹೇಗೆ? 1841ರಲ್ಲಿ ಜರ್ಮನಿಯ ಹಾಫ್‌ಮನ್ ಎಂಬ ವೈದ್ಯರು ನಡುವೆ ತೂತಿರುವ ಒಂದು ಕನ್ನಡಿಯಿಂದ ಕಿವಿಯೊಳಗೆ ಬೆಳಕು ಹಾಯಿಸಿ, ಆ ತೂತಿನಿಂದಲೇ ನೋಡುವ ಉಪಾಯವನ್ನು ಪ್ರಕಟಿಸಿದರು. ಅದನ್ನು ಯಾರೂ ಹೆಚ್ಚು ಗಮನಿಸಲಿಲ್ಲ. 1855ರಲ್ಲಿ ಫಾನ್ ಟ್ರೋಲ್ಟ್ಷ್ ಪ್ಯಾರಿಸಿನಲ್ಲಿ ಅದೇ ಬಗೆಯ ಕನ್ನಡಿಯನ್ನು ತೋರಿಸಿದ ಮೇಲೆ ಅದು ಎಲ್ಲೆಡೆ ಬಳಕೆಗೆ ಬಂತು. ಕಿವಿ ಮೂಗು ಗಂಟಲು ವೈದ್ಯರ ಹಣೆಯ ಮೇಲೆ ನೀವು ನೋಡಿರುವ ದುಂಡು ಕನ್ನಡಿ ಇದರ ವಂಶದ್ದೇ. ಬಿಸಿಲಿಗಾಗಿ ಕಾಯುವ ಕಾಲ ಮುಗಿಯಿತು.

ಕಣ್ಣಿಗೆ ಕಂಡರೂ ಸಾಲದು. ಕಿವಿ ಬಹಳ ದಿನ ಸೋರಿದಾಗ ಒಳಗೆ ಕೆಂಪಗೆ, ಮೃದುವಾಗಿ, ಮುಟ್ಟಿದರೆ ರಕ್ತ ಬರುವ ಮಾಂಸ ಬೆಳೆಯುತ್ತದೆ. ಕ್ಯಾನ್ಸರ್ ಕೂಡ ಹಾಗೇ ಕಾಣುತ್ತದೆ. ಎರಡನ್ನೂ ಬೇರ್ಪಡಿಸುವುದು ಕಣ್ಣಿನ ಕೈಲಾಗದ ಕೆಲಸ. ಬರ್ಲಿನ್ನಿನ ವಿರ್ಕೋ 1858ರಲ್ಲಿ ಪ್ರತಿಯೊಂದು ರೋಗವೂ ಜೀವಕೋಶದ ರೋಗವೆಂಬ ಸಿದ್ಧಾಂತವನ್ನು ಪುಸ್ತಕ ರೂಪದಲ್ಲಿ ಮಂಡಿಸಿದರು. 1865ರಲ್ಲಿ ಥಿಯರ್ಷ್ ಎಂಬವರು ಚರ್ಮದ ಕ್ಯಾನ್ಸರ್ ಹುಟ್ಟುವುದು ಚರ್ಮದ ಹೊದಿಕೆಯ ಕೋಶಗಳಿಂದಲೇ ಎಂದು ತೋರಿಸಿದರು. ಅಲ್ಲಿಂದ ಮುಂದೆ ಒಂದು ಚೂರು ಮಾಂಸವನ್ನು ಕತ್ತರಿಸಿ ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು ನೋಡುವುದು, ನಾವು ಇಂದು ಬಯಾಪ್ಸಿ ಎನ್ನುವ ಪರೀಕ್ಷೆ, ಬೆಳೆಯಿತು.

ಆದರೆ ಬಯಾಪ್ಸಿಯೂ ಮೋಸ ಮಾಡಬಲ್ಲದು ಎಂಬುದಕ್ಕೆ ಚರಿತ್ರೆಯಲ್ಲಿ ದೊಡ್ಡ ಉದಾಹರಣೆ ಇದೆ. ಅದು ಕಿವಿಯದಲ್ಲ, ಗಂಟಲಿನದು. 1887ರಲ್ಲಿ ಜರ್ಮನಿಯ ಯುವರಾಜ ಫ್ರೆಡರಿಕ್ ಅವರ ಧ್ವನಿ ಒಡೆಯಿತು. ಜರ್ಮನ್ ವೈದ್ಯರು ಕ್ಯಾನ್ಸರ್ ಎಂದು ಶಂಕಿಸಿ ಶಸ್ತ್ರಚಿಕಿತ್ಸೆಗೆ ಸಿದ್ಧರಾದರು. ಲಂಡನ್ನಿನಿಂದ ಬಂದ ಮೆಕೆಂಝಿ ಎಂಬ ಗಂಟಲು ತಜ್ಞರು ಮೊದಲು ಚೂರು ತೆಗೆದು ನೋಡೋಣ ಎಂದರು. ಚೂರುಗಳು ಸಾಕ್ಷಾತ್ ವಿರ್ಕೋ ಅವರ ಬಳಿಗೆ ಹೋದವು. ಅವರಿಗೆ ಅವುಗಳಲ್ಲಿ ಕ್ಯಾನ್ಸರ್ ಕಾಣಲಿಲ್ಲ. ಶಸ್ತ್ರಚಿಕಿತ್ಸೆ ನಿಂತಿತು. ಫ್ರೆಡರಿಕ್ 1888ರ ಮಾರ್ಚ್ 9ರಂದು ಚಕ್ರವರ್ತಿಯಾಗಿ, ಕೇವಲ 99 ದಿನ ಆಳಿ, ಜೂನ್ 15ರಂದು ಅದೇ ಗಂಟಲಿನ ಕ್ಯಾನ್ಸರಿನಿಂದ ತೀರಿಕೊಂಡರು. ಅವರ ಮಗನೇ ಮೊದಲ ಮಹಾಯುದ್ಧದ ಕಾಲದ ಕೈಸರ್ ವಿಲ್ಹೆಲ್ಮ್. ತಂದೆ ಬದುಕಿದ್ದರೆ ಯುರೋಪಿನ ಚರಿತ್ರೆಯೇ ಬೇರೆಯಾಗುತ್ತಿತ್ತು ಎನ್ನುವವರಿದ್ದಾರೆ. ಅದು ಇತಿಹಾಸದ ಅಧ್ಯಾಪಕರಿಗೆ ಬಿಟ್ಟ ವಿಷಯ. ನಮಗೆ ಬೇಕಾದ ಅಂಶ ಬೇರೆ. ತೆಗೆದ ಚೂರಿನಲ್ಲಿ ಕ್ಯಾನ್ಸರ್ ಇಲ್ಲವೆಂದರೆ ಆ ಚೂರಿನಲ್ಲಿ ಇಲ್ಲ ಎಂದಷ್ಟೇ ಅರ್ಥ. ಕಿವಿಯಲ್ಲೂ ಮೇಲುಮೇಲಿನ ಕೆಂಪು ಮಾಂಸವನ್ನಷ್ಟೇ ತೆಗೆದರೆ ಬರೀ ಉರಿಯೂತ ಎಂಬ ವರದಿ ಬರಬಹುದು. ಕಿವಿ ಒಣಗದೆ ನೋವು ನಿಲ್ಲದಿದ್ದರೆ ಇನ್ನಷ್ಟು ಆಳದಿಂದ ಮತ್ತೊಮ್ಮೆ ಚೂರು ತೆಗೆಯುವ ಪದ್ಧತಿ ಈ ಕಾರಣಕ್ಕೇ ಇದೆ. ಎರಡನೇ ಬಾರಿ ಬಯಾಪ್ಸಿ ಎಂದ ಕೂಡಲೇ ವೈದ್ಯರು ಹಣಕ್ಕಾಗಿ ಮಾಡುತ್ತಿದ್ದಾರೆ ಎಂದು ಸಿಟ್ಟಾಗುವವರು ಇದನ್ನು ಗಮನಿಸಬೇಕು.

ಇನ್ನು ಶಸ್ತ್ರಚಿಕಿತ್ಸೆಗೆ ಬರೋಣ. ಕಿವಿಯ ಹಿಂದಿನ ಮೂಳೆಯನ್ನು ತೆರೆದು ಕೀವು ತೆಗೆಯುವುದನ್ನು ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ಪೆಟಿ ಮಾಡಿ ತೋರಿಸಿದ್ದರು. ಆದರೆ 1791ರಲ್ಲಿ ಡೆನ್ಮಾರ್ಕಿನ ರಾಜವೈದ್ಯ ಬರ್ಗರ್ ತಮ್ಮ ಕಿವುಡುತನ ಹೋಗಲೆಂದು ಇದೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಸೋಂಕಿನಿಂದ ಸತ್ತರು. ಆ ಸುದ್ದಿ ಹರಡಿದ ಮೇಲೆ ಹಲವು ದಶಕಗಳ ಕಾಲ ಯಾರೂ ಅತ್ತ ಸುಳಿಯಲಿಲ್ಲ. 1846ರಲ್ಲಿ ಈಥರ್ ಅರಿವಳಿಕೆ, 1867ರಲ್ಲಿ ಲಿಸ್ಟರ್ ಅವರ ನಂಜುನಿರೋಧಕ ವಿಧಾನ ಬಂದ ನಂತರವೇ ಧೈರ್ಯ ಬಂದದ್ದು. 1873ರಲ್ಲಿ ಜರ್ಮನಿಯ ಷ್ವಾರ್ಟ್ಸೆ ಈ ಮೂಳೆಯ ಶಸ್ತ್ರಚಿಕಿತ್ಸೆಗೆ ಒಂದು ಕ್ರಮವನ್ನು ಕೊಟ್ಟರು.

ಕೀವಿಗೆ ಈ ವಿಧಾನ ಸರಿ. ಕ್ಯಾನ್ಸರಿಗೆ ಅಲ್ಲ. ಉಳಿಯಿಂದ ಮೂಳೆಯನ್ನು ಚೂರುಚೂರಾಗಿ ಕೆತ್ತುತ್ತಾ ಹೋಗುವುದು, ಕಂಡಷ್ಟು ಗಡ್ಡೆಯನ್ನು ಕೆರೆದು ತೆಗೆಯುವುದು, ಉಳಿದದ್ದಕ್ಕೆ 1895ರಲ್ಲಿ ಸಿಕ್ಕ ಕ್ಷ-ಕಿರಣ ಅಥವಾ 1898ರಲ್ಲಿ ಕ್ಯೂರಿ ದಂಪತಿಗಳು ಕಂಡುಹಿಡಿದ ರೇಡಿಯಂ ಬಳಸುವುದು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ನಡೆದದ್ದು ಬಹುಮಟ್ಟಿಗೆ ಇಷ್ಟೇ. ಹೆಚ್ಚಿನ ರೋಗಿಗಳಿಗೆ ಗಡ್ಡೆ ಮರುಕಳಿಸಿತು. ಏಡಿಯನ್ನು ತುಂಡು ಮಾಡಿದ್ದಾಯಿತು, ಕಾಲುಗಳು ಒಳಗೇ ಉಳಿದವು. ಸುಶ್ರುತ, ಝಹ್ರಾವಿ, ಇಬ್ನ್ ಸೀನಾ ಹೇಳಿದ್ದನ್ನೇ ಹೊಸ ಉಪಕರಣಗಳಿಂದ ಮರೆತಂತಾಗಿತ್ತು.

ತಿರುವು ಬಂದದ್ದು ಅಮೆರಿಕದಲ್ಲಿ. 1951ರಲ್ಲಿ ಕ್ಯಾಂಪ್‌ಬೆಲ್, ವೋಲ್ಕ್ ಮತ್ತು ಬರ್ಕ್‌ಲಂಡ್ ಎಂಬ ಮೂವರು ನಡುಗಿವಿಯ ಕ್ಯಾನ್ಸರಿಗಾಗಿ ಟೆಂಪೊರಲ್ ಮೂಳೆಯನ್ನೇ, ಅಂದರೆ ಕಿವಿಯನ್ನು ತನ್ನೊಳಗಿಟ್ಟುಕೊಂಡಿರುವ ತಲೆಬುರುಡೆಯ ಭಾಗವನ್ನೇ ತೆಗೆದ ವರದಿಯನ್ನು ಪ್ರಕಟಿಸಿದರು. 1954ರಲ್ಲಿ ಪಾರ್ಸನ್ಸ್ ಮತ್ತು ಲೂಯಿಸ್ ಆ ಮೂಳೆಯ ಬಹುಭಾಗವನ್ನು ಗಡ್ಡೆಯ ಸಮೇತ ಒಂದೇ ಇಡಿಯಾಗಿ ತೆಗೆಯುವ ವಿಧಾನವನ್ನು ವಿವರಿಸಿದರು. ಗಡ್ಡೆಯನ್ನು ನೋಡದೆ, ಮುಟ್ಟದೆ, ಅದರ ಸುತ್ತಲಿನ ಒಳ್ಳೆಯ ಮೂಳೆಯಲ್ಲೇ ಗರಗಸ ಆಡಿಸಿ ಇಡೀ ಪೆಟ್ಟಿಗೆಯನ್ನೇ ಎತ್ತಿಬಿಡುವುದು. ಲೂಯಿಸ್ 1975ರ ಹೊತ್ತಿಗೆ ಇಂಥ 100 ಶಸ್ತ್ರಚಿಕಿತ್ಸೆಗಳ ಅನುಭವವನ್ನು ಬರೆದರು. ಇದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಕೇಳುವ ಶಕ್ತಿ ಹೋಗುತ್ತಿತ್ತು, ಮುಖದ ಒಂದು ಬದಿ ಜೋಲುತ್ತಿತ್ತು, ಕೆಲವರು ಮೇಜಿನ ಮೇಲೆಯೇ ರಕ್ತಸ್ರಾವದಿಂದ ಸಾಯುತ್ತಿದ್ದರು. ಆದರೂ ಮೊದಲ ಬಾರಿಗೆ, ಇನ್ನು ಉಳಿಯಲಾರರು ಎಂದು ಮನೆಗೆ ಕಳಿಸುತ್ತಿದ್ದ ರೋಗಿಗಳಲ್ಲಿ ಕೆಲವರು ವರ್ಷಗಟ್ಟಲೆ ಬದುಕಿದರು.

ಈ ಬೆಲೆಯನ್ನು ಇಳಿಸಿದ್ದು ಎರಡು ಯಂತ್ರಗಳು. ಒಂದು, ಶಸ್ತ್ರಚಿಕಿತ್ಸೆಯ ಸೂಕ್ಷ್ಮದರ್ಶಕ. 1921ರಲ್ಲಿ ಸ್ವೀಡನ್ನಿನ ನೈಲೆನ್ ಎಂಬ ಯುವ ವೈದ್ಯರು ಒಂಟಿ ಕಣ್ಣಿನ ಸೂಕ್ಷ್ಮದರ್ಶಕವನ್ನಿಟ್ಟುಕೊಂಡು ಕಿವಿಯ ಶಸ್ತ್ರಚಿಕಿತ್ಸೆ ಮಾಡಿದರು. 1953ರಲ್ಲಿ ಝೈಸ್ ಕಂಪನಿ ಎರಡೂ ಕಣ್ಣಿನಿಂದ ನೋಡುವ ಒಳ್ಳೆಯ ಯಂತ್ರವನ್ನು ತಯಾರಿಸಿದ ಮೇಲೆ, ಮುಖದ ನರದ ಪಕ್ಕದಲ್ಲೇ ಕೊರೆಯುತ್ತಾ ಅದನ್ನು ಉಳಿಸಿಕೊಳ್ಳುವುದು ಸಾಧ್ಯವಾಯಿತು. ಎರಡನೆಯದು ಸಿ.ಟಿ. ಸ್ಕ್ಯಾನ್. ಹೌನ್ಸ್‌ಫೀಲ್ಡ್ ಎಂಬ ಎಂಜಿನಿಯರ್ ರೂಪಿಸಿದ ಈ ಯಂತ್ರದಿಂದ 1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಮೊದಲ ರೋಗಿಯ ತಲೆಯ ಚಿತ್ರ ತೆಗೆದರು. ಗಡ್ಡೆ ಮೂಳೆಯನ್ನು ಎಷ್ಟು ತಿಂದಿದೆ ಎಂಬುದು ಚಾಕು ಹಿಡಿಯುವ ಮೊದಲೇ ತಿಳಿಯುವಂತಾಯಿತು. ಮೂಳೆಗೆ ಸಿ.ಟಿ., ಮಿದುಳಿನ ಪೊರೆ ಮತ್ತು ಗ್ರಂಥಿಗಳಿಗೆ ಎಂ.ಆರ್.ಐ. ಎಂಬ ಜೋಡಿ ಇಂದು ರೂಢಿಯಲ್ಲಿದೆ.

ಈ ಚಿತ್ರಗಳ ಆಧಾರದ ಮೇಲೆ 1990ರಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನ ವೈದ್ಯರು ಈ ಕ್ಯಾನ್ಸರನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದರು. ನಾಳದ ಚರ್ಮದಲ್ಲೇ ಇದ್ದು ಮೂಳೆಯನ್ನು ಮುಟ್ಟದಿದ್ದರೆ ಮೊದಲ ಹಂತ. ಮೂಳೆಯನ್ನು ಸ್ವಲ್ಪ ಕೊರೆದಿದ್ದರೆ ಎರಡನೆಯದು, ಮೂಳೆಯ ದಪ್ಪವನ್ನು ಪೂರ್ತಿ ಕೊರೆದಿದ್ದರೆ ಅಥವಾ ನಡುಗಿವಿಗೆ ಇಳಿದಿದ್ದರೆ ಮೂರನೆಯದು. ಅದನ್ನೂ ದಾಟಿ ಹೋಗಿದ್ದರೆ ನಾಲ್ಕನೆಯದು. ಮುಖ ಒಂದು ಬದಿಗೆ ಜೋತಿದ್ದರೆ ಅದನ್ನೂ ನಾಲ್ಕನೆಯದಕ್ಕೆ ಸೇರಿಸಬೇಕು ಎಂಬ ತಿದ್ದುಪಡಿ 2000ದಲ್ಲಿ ಬಂತು. ಮೊದಲ ಎರಡು ಹಂತಗಳಲ್ಲಿ ಬಂದವರಲ್ಲಿ ಹೆಚ್ಚಿನವರು ಬದುಕುತ್ತಾರೆ. ನಾಲ್ಕನೆಯ ಹಂತದಲ್ಲಿ ಬಂದವರ ಲೆಕ್ಕ ಇಂದಿಗೂ ನಿರಾಶಾದಾಯಕ.

ಆರಂಭದ ಹಂತದಲ್ಲಿ ಈಗ ಮಾಡುವ ಶಸ್ತ್ರಚಿಕಿತ್ಸೆ ಹೀಗಿದೆ. ಕಿವಿಯ ಹಿಂದೆ ಸೀಳಿ, ಗಡ್ಡೆಯ ಕೋಶಗಳು ಹೊರಚೆಲ್ಲದಂತೆ ನಾಳದ ಬಾಯಿಯನ್ನು ಹೊಲಿದು ಮುಚ್ಚುತ್ತಾರೆ. ಹಿಂದಿನ ಮೂಳೆಯನ್ನು ಕೊರೆದು ಮುಖದ ನರವನ್ನು ಮೊದಲು ಗುರುತಿಸಿಕೊಳ್ಳುತ್ತಾರೆ. ನಂತರ ನಾಳದ ಮೂಳೆ, ಅದರ ಚರ್ಮ, ತಮಟೆ ಮತ್ತು ನಡುಗಿವಿಯ ಮೂರು ಪುಟ್ಟ ಮೂಳೆಗಳಲ್ಲಿ ಸುತ್ತಿಗೆ ಹಾಗೂ ಅಡಿಗಲ್ಲು, ಇವಿಷ್ಟನ್ನೂ ಒಂದೇ ತುಂಡಾಗಿ ಹೊರತೆಗೆಯುತ್ತಾರೆ. ರಿಕಾಪು ಮತ್ತು ಒಳಗಿವಿ ಹಾಗೇ ಉಳಿಯುತ್ತವೆ, ಮುಖದ ನರವೂ ಉಳಿಯುತ್ತದೆ. ಅನೇಕ ರೋಗಿಗಳಲ್ಲಿ ಸಾಂಟೊರಿನಿಯ ಸೀಳುಗಳ ಆಚೆಗಿರುವ ಜೊಲ್ಲು ಗ್ರಂಥಿಯನ್ನೂ ತೆಗೆಯುತ್ತಾರೆ. ಖಾಲಿಯಾದ ಜಾಗಕ್ಕೆ ತಲೆಯ ಪಕ್ಕದ ಸ್ನಾಯುವನ್ನು ತಿರುಗಿಸಿ ತುಂಬುವುದುಂಟು. ತೆಗೆದ ತುಂಡಿನ ಅಂಚುಗಳಲ್ಲಿ ಕ್ಯಾನ್ಸರ್ ಕೋಶವಿದೆಯೇ ಎಂದು ಪ್ರಯೋಗಾಲಯದಲ್ಲಿ ನೋಡುತ್ತಾರೆ. ಮುಂದುವರಿದ ಹಂತವಾದರೆ ಅಥವಾ ಅಂಚಿನಲ್ಲಿ ಸಂಶಯವಿದ್ದರೆ ವಿಕಿರಣ ಚಿಕಿತ್ಸೆಯೂ ಸೇರುತ್ತದೆ.

ಕಿವಿ ಸೋರುವ ಮಕ್ಕಳನ್ನು ತರಗತಿಯಲ್ಲಿ ದಿನವೂ ನೋಡುವವನು ನಾನು. ತಾಯಂದಿರೇ, ಇದನ್ನು ಓದಿ ಗಾಬರಿಯಾಗಬೇಡಿ. ಮಕ್ಕಳ ಕಿವಿ ಸೋರುವುದು ಬಹುತೇಕ ಯಾವಾಗಲೂ ಸೋಂಕಿನಿಂದಲೇ. ಅದಕ್ಕೂ ಎಣ್ಣೆ ಬೇಡ, ಚಿಕಿತ್ಸೆ ಬೇಕು. ನಾನು ಹೇಳುತ್ತಿರುವುದು ಮನೆಯ ಹಿರಿಯರ ಬಗ್ಗೆ. ಅಬ್ಬಾಜಾನ್ ಅವರಿಗೆ ಒಂದೇ ಕಿವಿ ಹನಿಗಳನ್ನು ಹಾಕಿಸಿಕೊಂಡು ವಾರಗಳು ಕಳೆದರೂ ಒಣಗದಿದ್ದರೆ, ಸೋರಿಕೆಯಲ್ಲಿ ರಕ್ತ ಕಂಡರೆ, ಆಳದ ನೋವಿನಿಂದ ರಾತ್ರಿ ನಿದ್ದೆ ಬಾರದಿದ್ದರೆ, ಬಾಯಿ ತೆರೆಯಲು ಕಷ್ಟವಾದರೆ, ಮುಖ ಒಂದು ಬದಿಗೆ ಎಳೆದಂತಾದರೆ ಕಿವಿ ಮೂಗು ಗಂಟಲು ತಜ್ಞರಿಗೆ ತೋರಿಸಿ, ಬಯಾಪ್ಸಿ ಬೇಕೇ ಎಂದು ನೀವೇ ಕೇಳಿ. ವರ್ಷಗಟ್ಟಲೆ ಕಿವಿ ಸೋರುತ್ತಿದ್ದವರಲ್ಲಿ, ಹಿಂದೆ ತಲೆ ಕತ್ತಿನ ಭಾಗಕ್ಕೆ ವಿಕಿರಣ ಚಿಕಿತ್ಸೆ ಪಡೆದವರಲ್ಲಿ ಈ ಶಂಕೆ ಸ್ವಲ್ಪ ಹೆಚ್ಚಿರಬೇಕು. ಸ್ವಾತಂತ್ರ್ಯ ಹೋರಾಟಗಾರ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರಿನಲ್ಲಿ 1973ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕ್ಯಾನ್ಸರ್ ಆಸ್ಪತ್ರೆ ನಮ್ಮ ರಾಜ್ಯದವರಿಗೆಲ್ಲ ಗೊತ್ತು. ಆದರೆ ಅಲ್ಲಿಗೆ ಹೋಗುವ ದಾರಿ ಶುರುವಾಗುವುದು ನಮ್ಮ ಊರಿನ ಆಸ್ಪತ್ರೆಯಲ್ಲಿ ಯಾರೋ ಒಬ್ಬರು ಕಿವಿಯೊಳಗೆ ಬೆಳಕು ಹಾಯಿಸಿ ನೋಡಿದಾಗ.

ನಾಳವನ್ನೇ ತೆಗೆದ ಮೇಲೆ ಆ ಕಿವಿ ಕೇಳುವುದು ಹೇಗೆ ಎಂದು ಒಬ್ಬ ವಿದ್ಯಾರ್ಥಿ ಕೇಳಿದ. ಒಳ್ಳೆಯ ಪ್ರಶ್ನೆ. ಒಳಗಿವಿ ಉಳಿದಿರುವುದರಿಂದ ಶಬ್ದಕ್ಕೆ ಬೇರೆ ದಾರಿ ಕೊಟ್ಟರೆ ಸಾಕು. 1977ರಲ್ಲಿ ಸ್ವೀಡನ್ನಿನ ಗೊಥೆನ್‌ಬರ್ಗ್ ನಗರದಲ್ಲಿ ಕಿವಿಯ ಹಿಂದಿನ ಮೂಳೆಗೆ ಟೈಟಾನಿಯಂ ತಿರುಪನ್ನು ಕೂರಿಸಿ, ಅದಕ್ಕೆ ಶ್ರವಣ ಸಾಧನವನ್ನು ಸಿಕ್ಕಿಸಿದರು. ಮೂಳೆ ಆ ಲೋಹವನ್ನು ತನ್ನದೆಂದೇ ಹಿಡಿದುಕೊಂಡಿತು. ನಾಳವೂ ತಮಟೆಯೂ ಇಲ್ಲದ ಕಿವಿಗೆ ಮೂಳೆಯ ಮೂಲಕವೇ ಮಾತು ಕೇಳಿಸಿತು.